ಕಳ್ಳಿಗೆ ಮಾಡಿದ ಮಣ್ಣು

ಕಳ್ಳಿ ಗಿಡಕ್ಕೆ ಶಹಾಪುರ ತಾಲೂಕಿನಲ್ಲಿಯೇ ಯಾರೂ ಮಾಡದಂಥ ಮಣ್ಣು ಮಾಡುತ್ತೇನೆ! ಹೀಗೆಂದು ನಾನು ಪ್ರತಿಜ್ಞೆ ಮಾಡಿದೆ. ಮನಸ್ಸಿನಲ್ಲಿ. ಹತ್ತನೆಯ ತರಗತಿ ಬಿಟ್ಟು ಮನೆಯಲ್ಲಿ ಕುಳಿತವನು ಜೋರಾಗಿ ಪ್ರತಿಜ್ಞೆ ಮಾಡಿದರೆ ಅವ್ವ ಕೈಗೆ ಕಸಬರಿಗೆ ಕೊಡುತ್ತಾಳೆ.

ನಮ್ಮದು ಎರೆಮಣ್ಣು. ಕಾಲುವೆ ನೀರು ಕಂಡರೆ ಹಿಡಿದುಕೊಂಡು ಕೂರುತ್ತದೆ, ಬಿಡುವುದೇ ಇಲ್ಲ. ಅದರಲ್ಲಿ ನೆಟ್ಟ ಎರಡು ಕಳ್ಳಿಗಳು ಕೊಳೆತು ಹೋಗಿದ್ದವು. ಈ ಸಲ ನೀರು ನಿಲ್ಲಲೇಬಾರದು! ತಳದಲ್ಲಿ ತೂತಿದ್ದ ಹಳೆಯ ಗಡಿಗೆಯೊಳಗೆ ಮೊದಲು ಆಡಿನ ಹಿಕ್ಕೆ, ಅದರ ಮೇಲೆ ಇಟ್ಟಿಗೆ ಚೂರು, ಇದ್ದಿಲು, ಎಲ್ಲಕ್ಕೂ ಮೇಲೆ ಏಳು ಸಲ ತೊಳೆದ ಹಳ್ಳದ ಉಸುಕು. ಪಾಲು ತಪ್ಪಬಾರದೆಂದು ಪದರ ಪದರವಾಗಿ ಹಾಕಿದೆ. ಕಲಸುವುದನ್ನು ಮಧ್ಯಾಹ್ನಕ್ಕೆ ಬಿಟ್ಟು, ಹಿಂದಿನ ಓಣಿಯ ಬಾಷುಮಿಯಾ ಕೊಡುತ್ತೇನೆಂದಿದ್ದ ಕಳ್ಳಿ ತರಲು ಹೋದೆ.

ತಿರುಗಿ ಬಂದಾಗ ನನ್ನ ಗಡಿಗೆ ಅಂಗಳದಲ್ಲಿ ಮೂರು ಕಲ್ಲಿನ ಸಿಂಹಾಸನವೇರಿತ್ತು! ಅವ್ವ ಮೇಲಿನಿಂದ ಕಾಲುವೆಯ ರಾಡಿ ನೀರು ಸುರಿಯುತ್ತಿದ್ದಳು. ಅದು ಕೆಳಗಿನ ಕೊಡಕ್ಕೆ ತೊಟ್ಟಿಕ್ಕುತ್ತಿತ್ತು. ಮಳೆಗಾಲದಲ್ಲಿ ನಮ್ಮ ಓಣಿಯವರು ಕುಡಿಯುವ ನೀರನ್ನು ಉಸುಕು, ಇದ್ದಿಲು ತುಂಬಿದ ಗಡಿಗೆಯಲ್ಲಿ ಸೋಸುವುದುಂಟು. ಅವ್ವ ಉಸುಕು ಕಂಡಳು, ಕೆರೆದು ಇದ್ದಿಲನ್ನೂ ಕಂಡಳು. ಅದಕ್ಕಿಂತ ಕೆಳಗೆ ಹೋಗಲಿಲ್ಲ.

ಕಟ್ಟೆಯ ಮೇಲೆ ಶಿರವಾಳದ ತಾಯಪ್ಪ ಕಾಕಾ ಕುಳಿತಿದ್ದರು. ನಾನು ಶಾಲೆ ಬಿಟ್ಟಂದಿನಿಂದ ನನ್ನ ಕೂಡ ಮಾತು ಬಿಟ್ಟ ಕಾಕಾ!

“ಬಾರೋ ತಮ್ಮಾ! ಸಾಲಿ ಬಿಟ್ರೂ ತಲಿ ಬಿಟ್ಟಿಲ್ಲ ನೀನು. ಏನ್ ನೀರೋ ಇದು! ಮೂರು ತಂಬಿಗಿ ಕುಡದೀನಿ.”

“ಕಾಕಾ, ಅದು…”

“ನಾಚಬ್ಯಾಡ. ಒಂದೀಟು ಒಗರೈತಿ, ಅದ ರುಚಿ!”

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಬಾಯಿಬಿಟ್ಟು ಹೇಳದಂಗ ಮಾಡಿಟ್ಟಾನ ನೋಡ್ರಿ ನನ್ನ ಮಗ.”

ಹದಿನಾರು ವರ್ಷದಲ್ಲಿ ನನಗೆ ಸಿಕ್ಕ ಮೊದಲ ಹೊಗಳಿಕೆ! ಬಾಯಿ ಮುಚ್ಚಿಕೊಂಡರೆ ಅದು ನನ್ನದೇ. ಮುಚ್ಚಿಕೊಂಡೆ. ಆ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ.

“ನಮ್ಮನಿಗೂ ಒಂದು ಮಾಡಿಕೊಡು,” ಎಂದ ಕಾಕಾ ನಾಲ್ಕನೆಯ ತಂಬಿಗೆ ಎತ್ತಿದರು. “ಏನೇನು ಎಷ್ಟೆಷ್ಟು ಹಾಕೀದಿ, ಬರೋಬ್ಬರಿ ಹೇಳು.”

ಅಳತೆ ಕೇಳಿದರೆ ನನ್ನಿಂದ ತಪ್ಪು ಹೇಳಲಾಗುವುದಿಲ್ಲ.

“ಉಸುಕು ನಾಕು ಬೊಗಸಿ, ಇದ್ದಲಿ ಒಂದು, ಇಟ್ಟಂಗಿ ಚೂರು ಎರಡು… ಆಡಿನ ಹಿಕ್ಕಿ ಎರಡ್ರಿ.”

ತಂಬಿಗೆ ತುಟಿಯ ಹತ್ತಿರ ನಿಂತಿತು.

“ಹಿಕ್ಕಿ?”

“ಒಣಗಿದ್ದನ್ನ ಆರಿಸಿ ಹಾಕೀನ್ರಿ. ಅದು ಕಳ್ಳಿ ಗಿಡಕ್ಕ ಮಾಡಿದ ಮಣ್ಣ್ರಿ.”

“ಹಂಗಾರ ನನಗೀಗ ಮುಳ್ಳು ಬರ್ತಾವೇನಲೇ?”

“ಇಲ್ರಿ. ಇಷ್ಟು ನೀರು ಹಾಕಿದ್ರ ಕಳ್ಳಿ ಉಳಿಯೂದಿಲ್ರಿ.”

ಸಮಾಧಾನವಾಗಲೆಂದೇ ಹೇಳಿದ್ದು! ಕಾಕಾ ಚಪ್ಪಲಿ ಹುಡುಕತೊಡಗಿದರು. ಕಾಲಿಗೆ ಹಾಕಿಕೊಳ್ಳಲು ಅಲ್ಲ.

ನಾನು ಆ ಮಣ್ಣನ್ನು ಎರಡು ದಿನ ಬಿಸಿಲಿಗೆ ಹರವಿ, ಕಲಸಿ, ಕಳ್ಳಿ ನೆಟ್ಟೆ. ಆದರೆ ಕಾಲುವೆಯ ರಾಡಿಯೆಲ್ಲ ಉಸುಕಿನ ಸಂದಿಯಲ್ಲಿ ಕೂತುಬಿಟ್ಟಿತ್ತು. ಒಂದು ಮಳೆ ಬಿದ್ದದ್ದೇ ನೀರು ನಿಂತಿತು. ವಾರದಲ್ಲಿ ಕಳ್ಳಿ ಮೆತ್ತಗಾಗಿ ಮಲಗಿತು. ಅದೇ ದಿನ ಶಿರವಾಳದಿಂದ ಸುದ್ದಿ ಬಂತು: ಕಾಕಾನ ಹೊಟ್ಟೆ ಎಂದಿಲ್ಲದಷ್ಟು ಹಗುರಾಗಿದೆಯಂತೆ, ಎರಡು ಹೊತ್ತೂ ರೊಟ್ಟಿ ಹೆಚ್ಚು ಉಣ್ಣುತ್ತಿದ್ದಾರಂತೆ.

ಅವ್ವ ಕೊಳೆತ ಕಳ್ಳಿಯನ್ನು ಕಿತ್ತು ನನ್ನ ಕೈಗಿಟ್ಟಳು.

“ನಿನ್ನ ಮಣ್ಣು ಕಾಕಾಗ ಬರೋಬ್ಬರಿ ಹೊಂದೈತಿ ನೋಡಪಾ. ಕಳ್ಳಿಗಷ್ಟ ಹೊಂದಿಲ್ಲ!”