ರಟ್ಟುರಾಯನ ಒಂದೇ ಮಾತು

ನಮ್ಮವರು ತಾವೇ ಮಾಡಿದ ಹೊಸ ಯಂತ್ರ ರಟ್ಟುರಾಯನನ್ನು ನನ್ನ ಗೆಳತಿ ಕೋಮಲಾಳ ಮನೆಯ ಜಮಖಾನದ ಮೇಲೆ ಇಟ್ಟಾಗಲೇ ನನಗೆ ಸುಸ್ತಾಯಿತು. ಹಳೇ ರೇಡಿಯೋ ಡಬ್ಬ, ಅದಕ್ಕೊಂದು ಜಾಲರಿಯ ಕಿವಿ.

"ಯಾರು ಸುಳ್ಳು ಹೇಳಿದ್ರೂ ದನೀಲೇ ಹಿಡಿದುಬಿಡುತ್ತೆ! ಇನ್ಮೇಲೆ ನಮ್ಮನ್ನ ಸೋಲಿಸಿ, ನೋಡೋಣ!" ಎಂದು ಬೀಗಿದರು.

ಇವರ ಯಂತ್ರಗಳಿಗೆ ಹೆದರಿ ಬೀದಿಯವರೆಲ್ಲ ನಮ್ಮನ್ನು ಕರೆಯುವುದನ್ನೇ ಬಿಟ್ಟಿದ್ದರು. ಉಳಿದದ್ದು ಇದೊಂದು ಮನೆ, ಭಾನುವಾರದ ಇಸ್ಪೀಟು. ವಾರವೆಲ್ಲ ನಾನು ಜೀವ ಹಿಡಿದುಕೊಂಡಿರುವುದೇ ಅದಕ್ಕೆ. ಇದೂ ತಪ್ಪಿಹೋಗದಿರಲಪ್ಪ ಎಂದುಕೊಂಡು ಎಲೆ ಎತ್ತಿಕೊಂಡೆ.

ಇಪ್ಪತ್ತೆಂಟು ಆಟದಲ್ಲಿ ಕೈಯಲ್ಲಿ ಏನೂ ಇಲ್ಲದಿದ್ದರೂ ಎಲ್ಲ ಇರುವವರ ಹಾಗೆ ಇಷ್ಟು ಅಂಕ ಹೊಡೀತೀನಿ ಎಂದು ಕೂಗಬೇಕು. ಕೋಮಲಾಳ ಗಂಡ ಸಂಪತ್ತು ಗತ್ತಿನಿಂದ, "ಹದಿನೆಂಟು ಹೊಡೀತೀನಿ" ಎಂದರು.

"ಸುಳ್ಳು!" ಎಂದಿತು ರಟ್ಟುರಾಯ, ಮೂಗಿನಲ್ಲಿ.

ನಮ್ಮವರು ತೊಡೆ ತಟ್ಟಿ, "ಹತ್ತೊಂಬತ್ತು ನಾನು ಹೊಡೀತೀನಿ!" ಎಂದರು.

"ಸುಳ್ಳು!"

"ಲೇ, ನಾನು ಕಣೋ ನಿನ್ನ ಮಾಡಿದ್ದು!"

ಸಂಪತ್ತು ಎಲೆ ಕೆಳಗೆ ಹಾಕಿದರು. "ಮುಚ್ಚಿಡೋದೇ ಆಟ ಕಣ್ರೀ ಪಟ್ಟಾಭಿ! ಎಲ್ಲ ಬಯಲಾದ್ಮೇಲೆ ಆಡೋದೇನು, ಮಣ್ಣು?"

ಜಗಳ ಬೇಡವೆಂದು ಕೋಮಲಾ ಬೋಂಡದ ತಟ್ಟೆ ತಂದಳು. "ಇನ್ನೆರಡು ಹಾಕ್ಕೊಳಿ."

"ಅಯ್ಯೋ, ಬೇಡಮ್ಮ, ಹೊಟ್ಟೆ ತುಂಬಿದೆ" ಎಂದರು ನಮ್ಮವರು.

"ಸುಳ್ಳು!"

"ಸಂಕೋಚ ಪಡಬೇಡಿ, ಒಳಗೆ ಬೇಕಾದಷ್ಟಿದೆ" ಎಂದಳು ಅವಳು.

"ಸುಳ್ಳು!"

ಕೋಮಲಾಳ ಮುಖ ಕೆಂಪಾಯಿತು. ನಾನು ಗಡಿಬಿಡಿಯಲ್ಲಿ, "ನಿನ್ನ ಕೈ ಬೋಂಡ ಅಂದ್ರೆ ಬೋಂಡ ಕಣೇ!" ಎಂದುಬಿಟ್ಟೆ. ಬಾಯಿ ಮುಚ್ಚಿಕೊಂಡಿರಬಾರದಿತ್ತೇ?

"ಸುಳ್ಳು! ಸುಳ್ಳು!"

"ನಿಲ್ಸಿ ಅದನ್ನ!" ಎಂದು ಚೀರಿದೆ.

"ನಿಲ್ಸೋ ಗುಂಡಿ ಇಟ್ಟಿಲ್ಲ ಕಣೇ. ನಿಜಾನ ಯಾರಾದ್ರೂ ನಿಲ್ಲಿಸ್ತಾರಾ?"

ಕೋಮಲಾ ತಟ್ಟೆ ಎತ್ತಿಕೊಂಡು, "ನನಗೇನೂ ಬೇಜಾರಿಲ್ಲ ಬಿಡಿ" ಎಂದಳು. ರಟ್ಟುರಾಯ ಕೂಗಿತು. ಸಂಪತ್ತು ಬಾಗಿಲವರೆಗೆ ಬಂದು, "ಮುಂದಿನ ವಾರ ತಪ್ಪದೆ ಬನ್ನಿ" ಎಂದರು. ಅದಕ್ಕೂ ಕೂಗಿತು. ನಾನು ಚಪ್ಪಲಿ ಮೆಟ್ಟಿಕೊಂಡು ರೂಢಿಯಂತೆ, "ಹೋಗಿ ಬರ್ತೀವಿ" ಎಂದೆ.

"ಸುಳ್ಳು!"

ಹಿಂದೆ ಬಾಗಿಲು ಹಾಕಿಕೊಂಡ ಸದ್ದಾಯಿತು. ನನಗೆ ಅಳುವೇ ಬಂತು. ಇವರು ಮಾತ್ರ ಡಬ್ಬವನ್ನು ಮಗುವಿನಂತೆ ಅವಚಿಕೊಂಡು, "ನೋಡಿದೆಯಾ? ಒಂದೂ ತಪ್ಪಿಲ್ಲ! ನಿನ್ನ ಗಂಡನ ಬಗ್ಗೆ ನಿನಗೆ ಹೆಮ್ಮೆ ಇಲ್ವೇನೇ?" ಎಂದರು.

ವಾದಿಸುವ ತ್ರಾಣ ನನ್ನಲ್ಲಿರಲಿಲ್ಲ. "ಇದೆ ರೀ. ನಿಮ್ಮನ್ನ ಕಟ್ಟಿಕೊಂಡು ನಾನು ತುಂಬಾ ಸುಖವಾಗಿದೀನಿ" ಎಂದೆ.

ರಟ್ಟುರಾಯ "ಸು... ಸು..." ಎಂದು ತೊದಲಿತು, ಗಡಗಡ ನಡುಗಿತು, ಕಿವಿಯಿಂದ ಹೊಗೆ ಬಿಟ್ಟು ಸುಟ್ಟುಹೋಯಿತು.

ಪಾಪ, ಅಷ್ಟು ದೊಡ್ಡದನ್ನು ತಡೆಯುವ ಹಾಗೆ ಅದನ್ನು ಮಾಡಿರಲಿಲ್ಲ.