ನಮ್ಮ ಮಾವನವರು ಮಾಡಿದ ಎರಡನೇ ಮಹಾಯುದ್ಧ

ಎರಡನೇ ಮಹಾಯುದ್ಧ ನಲವತ್ತೈದರಲ್ಲಿ ಮುಗಿಯಿತೆಂದು ನಾನು ಕಾಲೇಜಿನಲ್ಲಿ ಓದಿದ್ದೆ. ಇತಿಹಾಸ ತೆಗೆದುಕೊಂಡು ಬಿ.ಎ. ಮಾಡಿದವಳು ನಾನು; ಪರೀಕ್ಷೆಯಲ್ಲಿ ಅದನ್ನೇ ಬರೆದು ಒಳ್ಳೆಯ ಅಂಕವನ್ನೂ ತೆಗೆದಿದ್ದೆ. ಮದುವೆಯಾಗಿ ಬೆಳಗಾವಿಯ ಹಿಂದವಾಡಿಯ ಮನೆಗೆ ಬಂದ ಮೇಲೆ ತಿಳಿಯಿತು, ಯುದ್ಧ ಮುಗಿದೇ ಇರಲಿಲ್ಲ. ಎಪ್ಪತ್ತರ ದಶಕದಲ್ಲಿಯೂ ಅದು ನಮ್ಮ ಪಡಸಾಲೆಯಲ್ಲಿ ವಾರಕ್ಕೆ ಎರಡು ಸಲವಾದರೂ ನಡೆಯುತ್ತಿತ್ತು. ನಡೆಸುತ್ತಿದ್ದವರು ನಮ್ಮ ಮಾವನವರು.

ನನಗೊಂದು ರೂಢಿ. ಮನೆಯಲ್ಲಿ ನಡೆದದ್ದನ್ನೆಲ್ಲ ತಾರೀಖು ಹಾಕಿ ವಹಿಯಲ್ಲಿ ಬರೆದಿಡುತ್ತೇನೆ. ಯಾರಿಗೆ ಯಾವಾಗ ದಡಾರ ಬಂತು, ಉಪ್ಪಿನಕಾಯಿ ಯಾವ ದಿನ ಹಾಕಿದೆ, ಯಾವ ಬೀಗರು ಯಾವ ಮಾತಿಗೆ ಸಿಟ್ಟಾಗಿ ಊಟ ಬಿಟ್ಟು ಎದ್ದರು, ಎಲ್ಲವೂ ಅದರಲ್ಲಿದೆ. ಮಾವನವರ ಯುದ್ಧವೂ ಅದರಲ್ಲಿ ಸೇರಿತು. ಸೇರಿದ್ದೇ ತಪ್ಪಾಯಿತು.

೧. ಅರ್ಧ ಗಡ್ಡದ ಕದನ

ಮಾವನವರಿಗೆ ಕ್ಷೌರ ಮಾಡಲು ಒಬ್ಬಾತ ಹದಿನೈದು ದಿನಕ್ಕೊಮ್ಮೆ ಮನೆಗೇ ಬರುತ್ತಿದ್ದ. ಅವನಷ್ಟು ಒಳ್ಳೆಯ ಶ್ರೋತೃ ಇಡೀ ಬೆಳಗಾವಿಯಲ್ಲಿ ಇರಲಿಲ್ಲ. ಒಂದು ದಿನ ಮಾವನವರು ಕಟ್ಟೆಯ ಮೇಲೆ ಕುಳಿತು ಆಫ್ರಿಕಾದ ಮರಳುಗಾಡಿನಲ್ಲಿದ್ದರು. ಎಲ್ ಅಲಮೇನ್ ಕಾಳಗ. ತೋಪುಗಳು ಗುಡುಗುತ್ತಿವೆ, ಕಣ್ಣುಬಾಯಿಯಲ್ಲೆಲ್ಲ ಮರಳು. ಎಡಗೆನ್ನೆ ಬೋಳಿಸಿ ಮುಗಿದಿತ್ತು. ಬಲಗೆನ್ನೆಯ ನೊರೆ ಒಣಗುತ್ತಿತ್ತು. ಆತ ಕತ್ತಿಯನ್ನು ಗಾಳಿಯಲ್ಲಿ ಹಿಡಿದುಕೊಂಡೇ ಕೇಳಿದ:

"ಅಲ್ರೀ ಯಜಮಾನ್ರ, ಹೋದ ಸಲ ನೀವು ರಷ್ಯಾದಾಗ ಇದ್ರೆಲಾ? ಸ್ಟಾಲಿನ್‌ಗ್ರಾಡ್‌ದಾಗ, ಮೊಣಕಾಲ ಮಟಾ ಹಿಮ ಅಂದಿದ್ರಿ."

"ಅದೂ ಖರೇ, ಇದೂ ಖರೇ. ನೀ ಮದಲ ಈ ಬಾಜು ಬೋಳಸು."

ನಾನು ಒಳಗೆ ಹೋಗಿ ವಹಿ ತೆರೆದೆ. ಹೌದು, ಹದಿನೈದು ದಿನದ ಹಿಂದೆ ಹಿಮ ಬಿದ್ದಿತ್ತು. ಎರಡು ಕಾಳಗಗಳೂ ನಲವತ್ತೆರಡರ ಕೊನೆಯಲ್ಲಿ ಒಂದೇ ಕಾಲಕ್ಕೆ ನಡೆದವು. ಅಲ್ಲದೆ ಸ್ಟಾಲಿನ್‌ಗ್ರಾಡ್‌ನಲ್ಲಿ ನಮ್ಮ ದೇಶದ ಒಂದು ಪಲ್ಟನ್ನೂ ಇರಲಿಲ್ಲ. ಓದಿದವಳಿಗೆ ಸುಮ್ಮನಿರಲು ಆದೀತೆ? ಊಟಕ್ಕೆ ಬಡಿಸುವಾಗ ಮೆಲ್ಲಗೆ ಅಂದೆ:

"ಮಾವಾರ, ಆ ಎರಡೂ ಕಾಳಗ ಒಂದ ವ್ಯಾಳೇಕ್ಕ ನಡದಾವ್ರಿ."

ಮಾವನವರು ರೊಟ್ಟಿ ಮುರಿಯುತ್ತ ಒಂದು ಕ್ಷಣ ಯೋಚಿಸಿದರು.

"ಅದಕ್ಕನ ಯವ್ವಾ, ಆ ವರ್ಷ ನನಗ ಅಷ್ಟ ದಣಿವಾಗಿತ್ತು."

೨. ಖಾನಾಪುರದ ಕಡೆಯ ಮುನ್ನಡೆ

ಇದೆಲ್ಲ ಮನೆಯೊಳಗೆ ಇರುವ ತನಕ ನಗೆಯ ಮಾತಾಗಿತ್ತು. ಅಷ್ಟರಲ್ಲಿ ನನ್ನ ಮಗಳಿಗೆ ಖಾನಾಪುರದಿಂದ ಒಂದು ಸಂಬಂಧ ಬಂತು.

ಮಗಳು ಅದಕ್ಕೂ ಮೊದಲು ನಾಲ್ವರನ್ನು ಬೇಡವೆಂದಿದ್ದಳು. ಒಬ್ಬನ ನಗು ಸರಿಯಿಲ್ಲ, ಇನ್ನೊಬ್ಬ ಚಹಾವನ್ನು ಬಶಿಗೆ ಸುರಿದು ಸಪ್ಪಳ ಮಾಡಿ ಕುಡಿಯುತ್ತಾನೆ, ಹೀಗೆ. ಈ ವರನನ್ನು ಅವಳು ಗೆಳತಿಯ ಮದುವೆಯಲ್ಲಿ ನೋಡಿದ್ದಳು. ರಾತ್ರಿಯ ಅಕ್ಕಿ ಆರಿಸುತ್ತ ನನ್ನ ಬಳಿ ಕುಳಿತು, ತಲೆ ಎತ್ತದೆ, "ಅವ್ವಾ, ಇದೊಂದು ಆಗಲಿ" ಅಂದಳು. ಅಷ್ಟೇ. ನನಗೆ ತಿಳಿಯಿತು. ಇದು ತಪ್ಪಿದರೆ ಅವಳು ಇನ್ನೊಂದನ್ನು ಒಪ್ಪುವವಳಲ್ಲ.

ಸಂಬಂಧ ತಂದ ಹಿರಿಯರು ವರನ ವಿವರ ಹೇಳಿದರು. ಒಳ್ಳೆಯ ಮನೆತನ, ಹುಡುಗ ಹೈಸ್ಕೂಲಿನಲ್ಲಿ ಮಾಸ್ತರ.

"ಯಾವ ವಿಷಯ ಕಲಸ್ತಾರ್ರಿ?" ಎಂದು ಕೇಳಿದೆ.

"ಇತಿಹಾಸ."

ನಾನು ತಾಟನ್ನು ಕೆಳಗಿಟ್ಟೆ. ಹಿರಿಯರು ಮುಂದುವರಿಸಿದರು:

"ಹುಡುಗನ ಅಜ್ಜಾರೂ ಮಹಾಯುದ್ಧ ಮಾಡಿ ಬಂದವರು. ನಿಮ್ಮ ಮಾವನವರ ಸುದ್ದಿ ಕೇಳಿ ಭಾಳ ಖುಷಿ ಆಗ್ಯಾರ. ಆದ್ರ ಒಂದ ಮಾತು ತಂಗೀ, ಅವರು ಸುಳ್ಳ ಸಹಿಸೂದಿಲ್ಲ. ಹೋದ ವರ್ಷ ಒಂದ ಮನ್ಯಾವರು ನಪಾಸಾದ ಹುಡುಗೀನ್ನ ಮ್ಯಾಟ್ರಿಕ್ ಪಾಸ್ ಅಂದ್ರು. ಅಜ್ಜಾರು ಉಪ್ಪಿಟ್ಟ ಅರ್ಧಕ್ಕ ಬಿಟ್ಟ ಎದ್ದ ಬಂದ್ರು."

ಅವರು ಹೋದ ಮೇಲೆ ನಾನು ನಮ್ಮ ಮನೆಯವರ ಮುಖ ನೋಡಿದೆ. ಅವರು ಪೇಪರಿನಿಂದ ತಲೆ ಎತ್ತಿ ಶಾಂತವಾಗಿ ಅಂದರು:

"ಉಪ್ಪಿಟ್ಟ ಸ್ವಲ್ಪ ಮಾಡು."

೩. ಒಂದೊಂದೇ ರಣರಂಗ ಬಿಟ್ಟುಕೊಟ್ಟದ್ದು

ಮರುದಿನ ನಾನು ಕಾಗದದ ಮೇಲೆ ಗೆರೆ ಹೊಡೆದು ಒಂದು ತಖ್ತೆ ಮಾಡಿದೆ. ಒಂದು ಕಡೆ ಕಾಳಗದ ಹೆಸರು, ಇನ್ನೊಂದು ಕಡೆ ವರ್ಷ. ಮಗಳು ಪಕ್ಕದಲ್ಲಿ ಕುಳಿತು ಓದಿ ಹೇಳುತ್ತಿದ್ದಳು. ಮಾವನವರನ್ನು ಕೂಡಿಸಿ ಹೇಳಿದೆ:

"ಮಾವಾರ, ಹುಡುಗ ಇತಿಹಾಸದ ಮಾಸ್ತರ. ಎಲ್ಲಾನೂ ಇಟಗೊಳ್ಳಾಕ ಆಗೂದಿಲ್ರಿ. ಯಾವದರ ಒಂದ ಯುದ್ಧ ಇಟಗೋರಿ."

ಮಾವನವರು ತಖ್ತೆಯನ್ನು ಬಹಳ ಹೊತ್ತು ನೋಡಿದರು. ಜಮೀನು ಹಂಚುವಾಗಿನ ಮುಖ.

"ರಷ್ಯಾ ತಗದ ಹಾಕು. ಹೆಂಗೂ ನನಗ ಥಂಡಿ ಆಗೂದಿಲ್ಲ."

"ಕೋಹಿಮಾರೀ? ಬರ್ಮಾ ಕಡೀದು?"

"ಅದರಾಗ ರಕ್ತ ಹೀರೂ ಜಿಗಳಿ ಭಾಳ. ಅದನ್ನೂ ಬಿಡು."

"ಹಂಗಾರ ಆಫ್ರಿಕಾ ಉಳೀತು. ಅಲ್ಲಿ ನೀವು ಯಾವ ಪಲ್ಟನ್‌ದಾಗ ಇದ್ರಿ, ಯಾವ ಹಡಗದಾಗ ಹೋದ್ರಿ, ಹೇಳ್ರಿ. ಬರಕೋತೀನಿ."

ಮಾವನವರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಮೊಮ್ಮಗಳ ಕಡೆ ನೋಡದೆ ಹೇಳಿದರು:

"ನಾ ಎಲ್ಲೂ ಹೋಗಿಲ್ಲ ಯವ್ವಾ. ಯುದ್ಧ ಮುಗಿಯೂತನಾ ಇಲ್ಲೇ ಕೋಟೆಯೊಳಗ ಪಲ್ಟನ್ನಿನ ಕಂಬಳಿ ಗೋದಾಮಿನ್ಯಾಗ ಇದ್ದೆ. ಹೋಗೂ ಹುಡುಗುರಿಗೆಲ್ಲಾ ನಾನ ಕಂಬಳಿ ಕೊಟ್ಟ ಕಳಸ್ತಿದ್ದೆ. ಉಳದ ಬಂದವರು ವಾಪಸ್ ಕೊಡಾಕ ಬಂದಾಗ, ಕುಂತು ಎಲ್ಲಾ ಹೇಳತಿದ್ರು. ಕೆಲವರು ಬರಲೇ ಇಲ್ಲ. ಅವರ ಕಥಿ ಅವರ ದೋಸ್ತರು ಹೇಳಿದ್ರು. ನಾನೂ ಹೇಳಲಿಲ್ಲಂದ್ರ ಯಾರ್ ಹೇಳಬೇಕು?"

ಮಗಳು ಎದ್ದು ಅಜ್ಜನ ಟೊಪ್ಪಿಗೆಯನ್ನು ತಿರುಗಿ ತಲೆಯ ಮೇಲಿಟ್ಟಳು. ನಾನು ತಖ್ತೆಯನ್ನು ಮಡಿಚಿಟ್ಟು ಕೇಳಿದೆ:

"ಅಷ್ಟ ವರ್ಷದಾಗ ಬೆಳಗಾವಿ ಬಿಟ್ಟು ಒಮ್ಮೆರ ಹೊರಗ ಹೋಗಿದ್ರೇನ್ರಿ?"

ಮಾವನವರ ಬೆನ್ನು ನೆಟ್ಟಗಾಯಿತು.

"ಹೋಗಿದ್ದೆ! ಕಂಬಳಿ ತುಂಬಿದ ರೈಲಿನ ಡಬ್ಬಿ ಕೆಟ್ಟ ನಿಂತಾಗ ಇಲ್ಲೇ ಮುಂದಿನ ದೇಸೂರ ಸ್ಟೇಶನ್‌ದಾಗ ಎರಡ ದಿನ ವಸ್ತಿ ಮಾಡಿದ್ದೆ. ಏನ್ ಸೊಳ್ಳಿ ಅಂತೀ ಯವ್ವಾ, ಬರ್ಮಾ ಏನೂ ಅಲ್ಲ!"

೪. ನಿರ್ಣಾಯಕ ಕಾಳಗ

ಕನ್ಯೆ ನೋಡಲು ಅವರು ಬರುವ ದಿನಕ್ಕೆ ನಾನು ಒಂದು ಉಪಾಯ ಮಾಡಿದ್ದೆ. ಮಾವನವರು "ಪಲ್ಟನ್ನಿನ ಚಾಕರಿಯೊಳಗಿದ್ದೆ" ಎಂದಷ್ಟೇ ಹೇಳಬೇಕು, ಅದು ಸುಳ್ಳಲ್ಲ. ಮುಂದೆ ಏನಾದರೂ ಕೇಳಿದರೆ ಕೆಮ್ಮಬೇಕು. ಕೆಮ್ಮಿದೊಡನೆ ನಾನು ಒಳಗಿನಿಂದ ತಿನ್ನಲು ಏನಾದರೂ ತರುತ್ತೇನೆ.

ಖಾನಾಪುರದ ಅಜ್ಜಾರು ಮೊಮ್ಮಗನ ಜೊತೆ ಬಂದರು. ಹಣೆ ತುಂಬ ವಿಭೂತಿ, ಕಿವಿಯ ತನಕ ಮೀಸೆ. ಅವರಿಗೆಂದು ಜಮಖಾನೆಯ ಮೇಲೆ ಹೊಸ ಕಂಬಳಿ ಹಾಸಿದ್ದೆ; ಮಗಳನ್ನು ಅವಳ ಅಪ್ಪನ ಪಕ್ಕ ಕೂಡಿಸಿದ್ದೆ. ಕುಳಿತವರೇ ಕೇಳಿದರು:

"ಶರಣ್ರೀ. ಆವಾಗ ಯಾವ ಕಡೆ ಇದ್ರಿ ತಾವು?"

ಮಾವನವರು ಕೆಮ್ಮಿದರು. ಉಪ್ಪಿಟ್ಟು ಬಂತು.

"ಅಂದ್ರ, ಯಾವ ದೇಶದಾಗ?"

ಕೆಮ್ಮು. ಕುಂದಾ ಬಂತು.

"ಹಡಗದಾಗ ಹೋಗಿದ್ರೋ..."

ಕೆಮ್ಮು. ಚಹಾ ಬಂತು. ಇನ್ನು ಅಡುಗೆಮನೆಯಲ್ಲಿ ಹಸಿ ಬದನೆಕಾಯಿ ಬಿಟ್ಟರೆ ಏನೂ ಉಳಿದಿರಲಿಲ್ಲ.

ಅಜ್ಜಾರು ಕನಿಕರದಿಂದ ತಲೆಯಾಡಿಸಿದರು. "ಗೊತ್ತಾತು ಬಿಡ್ರಿ. ಆಫ್ರಿಕಾದ ಮರಳು ಎದ್ಯಾಗ ಕುಂತೈತಿ. ನನಗೂ ಹಿಂಗ ಆಗಿತ್ತು."

ಮಾವನವರ ಕಣ್ಣು ಅರಳಿದವು. ನಾನು ಬಾಗಿಲಲ್ಲಿ ನಿಂತು ಕೈಸನ್ನೆ ಮಾಡಿದೆ, ಬಳೆ ಸಪ್ಪಳ ಮಾಡಿದೆ. ಏನೂ ಆಗಲಿಲ್ಲ. "ಏನ್ ಮರಳ್ರೀ ಅದು!" ಎಂದು ಶುರುವಾಯಿತು. ಇಬ್ಬರೂ ತೋಪು ಹಾರಿಸಿದರು, ಟ್ಯಾಂಕು ಸುಟ್ಟರು, ಪೆಟ್ರೋಲ್ ವಾಸನೆಯ ನೀರು ಕುಡಿದರು. ಆಗ ಆ ಹುಡುಗ, ಒಳ್ಳೆಯ ಮನಸ್ಸಿನಿಂದಲೇ, ಕಿಸೆಯಿಂದ ಪೆನ್ನು ತೆಗೆದ.

"ಅಜ್ಜಾರ, ಯಾವ ಪಲ್ಟನ್ ಅಂದ್ರಿ? ಸಾಲ್ಯಾಗ ಹುಡುಗುರಿಗೆ ಹೇಳತೀನಿ."

"ಏಳ್ರಿ, ಏಳ್ರಿ! ಊಟಕ್ಕ ಕುಂದರೂಣು" ಎಂದು ಮಾವನವರು ಎದ್ದುಬಿಟ್ಟರು. ಗಂಟೆ ಇನ್ನೂ ಬೆಳಗಿನ ಹತ್ತೂವರೆ.

ಎಲ್ಲರೂ ಎದ್ದರು. ತಾಟು ಇಡಲು ಕಂಬಳಿ ತೆಗೆಯಬೇಕಲ್ಲ. ಅಜ್ಜಾರು ಮಾತಿನ ಭರದಲ್ಲಿ ಬಗ್ಗಿ ಅದರ ಎರಡು ತುದಿ ಹಿಡಿದರು. ಇನ್ನೆರಡು ತುದಿ ಮಾವನವರ ಕೈಗೆ ತಾವಾಗಿಯೇ ಬಂದವು. ಒಂದು ಜಾಡಿಸು. ಅಂಚಿಗೆ ಅಂಚು. ಇಬ್ಬರೂ ಎರಡು ಹೆಜ್ಜೆ ಮುಂದೆ, ಮತ್ತೊಂದು ಮಡಿಕೆ. ಹಾಸಿ ಮಲಗುವ ಸಿಪಾಯಿ ಕಂಬಳಿಯನ್ನು ಸುತ್ತಿ ಇಡುತ್ತಾನೆ. ಇವರಿಬ್ಬರೂ ಮಡಿಕೆಯ ಬೆನ್ನು ಹೊರಗೆ ಬರುವಂತೆ ಇಟ್ಟರು, ಒಂದರ ಮೇಲೊಂದು ಪೇರಿಸಿದ ಸಾವಿರ ಕಂಬಳಿಯ ಥಪ್ಪಿಯನ್ನು ಗೋದಾಮಿನವರು ಬೆರಳಾಡಿಸಿ ಎಣಿಸುವ ಹಾಗೆ. ಅಜ್ಜಾರು ಮೇಲೆ ಒಂದು ಏಟು ಹಾಕಿ ಅಂದರು:

"ಒಂದು!"

"ಒಂದು, ಬರೋಬ್ಬರಿ!" ಅಂದರು ಮಾವನವರು.

ಇಬ್ಬರೂ ಕಂಬಳಿಯ ಮೇಲೆ ಬಗ್ಗಿದವರು ಬಗ್ಗಿದಂತೆಯೇ ಒಬ್ಬರನ್ನೊಬ್ಬರು ನೋಡಿದರು. ಅವರ ಪಿಸುಮಾತು ತಾಟು ಹಿಡಿದು ಹತ್ತಿರವಿದ್ದ ನನಗೆ ಮಾತ್ರ ಕೇಳಿಸಿತು.

"ಯಾವ ಗೋದಾಮು?"

"ಇಲ್ಲೇ, ಕೋಟೆಯೊಳಗಿಂದು. ತಾವು?"

"ಪುಣೆ. ಮದಲ ಕಂಬಳಿ, ಆಮ್ಯಾಲ ಬೂಟು."

ನನಗೆ ನಗು ಬಂದು ತಾಟುಗಳು ಕಿಣಿಕಿಣಿ ಅನ್ನತೊಡಗಿದವು. ಹುಡುಗ ಅತ್ತಿಂದ ಕೇಳಿದ:

"ಅಜ್ಜಾ, ನಿಮಗ ಮದಲಿಂದನ ಗುರ್ತ ಐತೇನು?"

ಅಜ್ಜಾರು ಮೀಸೆ ಸರಿಪಡಿಸಿಕೊಂಡು ನಿಂತರು. "ಗುರ್ತ ಅಂದ್ರ! ಒಂದ ರಣರಂಗದಾಗ ಇದ್ದವರಪಾ ನಾವು."

"ಎಲ್ಲಿ?"

"ಆಫ್ರಿಕಾ" ಅಂದರು ಅಜ್ಜಾರು.

"ಬರ್ಮಾ" ಅಂದರು ಮಾವನವರು, ಅದೇ ಉಸಿರಿಗೆ.

ಹುಡುಗನ ಪೆನ್ನು ನಿಂತಿತು. ಅಜ್ಜಾರ ಮುಖ ಬಿಳುಪೇರಿತು. ಸುಳ್ಳು ಸಹಿಸದ ಮನುಷ್ಯ ಮೊಮ್ಮಗನೆದುರು ಸಿಕ್ಕಿಬೀಳುವ ಹೊತ್ತು. ಅಲ್ಲಿಯ ತನಕ ತಲೆ ಬಗ್ಗಿಸಿಕೊಂಡಿದ್ದ ನನ್ನ ಮಗಳು, ಕನ್ಯೆ ನೋಡುವ ಶಾಸ್ತ್ರದಲ್ಲಿ ಒಂದಕ್ಷರ ಆಡಬಾರದವಳು, ಸೆರಗು ಸರಿಪಡಿಸಿಕೊಂಡು ಅಂದಳು:

"ಮದಲ ಆಫ್ರಿಕಾ, ಆಮ್ಯಾಲ ಬರ್ಮಾ. ನಲವತ್ತೆರಡರಾಗ ಅದು, ನಲವತ್ನಾಲ್ಕರಾಗ ಇದು."

ಹುಡುಗ ಅವಳನ್ನು ನೋಡಿದ. ಆಮೇಲೆ ಅಜ್ಜನನ್ನು, ಕಂಬಳಿಯನ್ನು ನೋಡಿದ. ಅವನಿಗೆ ಎಲ್ಲ ತಿಳಿಯಿತೆಂದು ನಾನು ಇಂದಿಗೂ ನಂಬಿದ್ದೇನೆ. ಪೆನ್ನಿನ ಟೊಪ್ಪಿಗೆ ಹಾಕಿ ಕಿಸೆಗೆ ಸಿಕ್ಕಿಸಿಕೊಂಡ.

"ಬರೋಬ್ಬರಿ ಐತಿ" ಅಂದ. "ಪುಸ್ತಕದಾಗೂ ಹಂಗ ಐತಿ."

ಅಜ್ಜಾರು ದೊಡ್ಡ ಉಸಿರು ಬಿಟ್ಟರು. ನಮ್ಮ ಮನೆಯವರ ಕಡೆ ತಿರುಗಿ ಕೈ ಮುಗಿದರು.

"ಬೀಗರ, ಮುಹೂರ್ತ ನೋಡ್ರಿ. ಈ ಹುಡುಗೀನ ನಮ್ಮ ಮನಿಗಿ ಬೇಕ. ನಂದು ಇಟಲಿ ಇನ್ನೂ ತಾರೀಖ ಇಲ್ಲದ ಹಂಗ ಬಿದ್ದೈತಿ!"