ಯಂತ್ರದ ಪಾಲಿನ ತಿಂಡಿ

ಶಿಂಚು ಊರಿನ ಕಾರ್ಖಾನೆಯೊಂದರಲ್ಲಿ ಫಾನ್ ಯೂ-ಡೆ ಬೆಳಿಗ್ಗೆ ಎಂಟಕ್ಕೇ ಹಸಿವು ತಾಳಲಾರದೆ, ಯಂತ್ರದ ಮೇಲಿಟ್ಟಿದ್ದ ಹಸಿರು ಪೊಟ್ಟಣವನ್ನು ಒಡೆದು ತಿಂದುಬಿಟ್ಟ. ತೆಂಗಿನ ರುಚಿಯ ಆ ಕುರುಕಲು ಜೊತೆಗಿದ್ದರೆ ಯಂತ್ರ ಹೇಳಿದ ಮಾತು ಕೇಳುತ್ತದೆಂದು ಎಲ್ಲರ ನಂಬಿಕೆ. ಯೂ-ಡೆಗೆ ನಂಬಿಕೆಯಿರಲಿಲ್ಲ, ಹಸಿವಿತ್ತು.

ಅವನ ಕೆಲಸ ನಾಜೂಕಿನದು. ಕೂದಲಿನಷ್ಟು ಸಣ್ಣ ಗಾಜಿನ ಎಳೆಯಿಂದ ಹೊರಬಿದ್ದು ಹರಡುವ ಬೆಳಕನ್ನು ಒಂದು ಮಸೂರದಿಂದ ನೇರ ಮಾಡಿ, ಇನ್ನೊಂದರಿಂದ ಕೂಡಿಸಿ, ಎದುರಿನ ಎಳೆಯೊಳಗೆ ತೂರಿಸಬೇಕು. ನಿನ್ನೆ ನೂರರಲ್ಲಿ ಎಂಬತ್ತು ಪಾಲು ಬೆಳಕು ದಾಟಿತ್ತು. ಅದನ್ನು ನೋಡಲು ಮೂರು ಗಂಟೆಗೆ ಜಪಾನಿನ ಗಿರಾಕಿಗಳು ಬರುವವರಿದ್ದರು. ಇಂದು ಮಸೂರ ಕೂರಿಸಿ ನೋಡಿದರೆ ಮೀಟರಿನಲ್ಲಿ ಬರೀ ಹನ್ನೊಂದು.

ಪಕ್ಕದ ಮೇಜಿನ ಮೇ-ಯಿಂಗ್ ಇಣುಕಿದಳು.

"ಪೊಟ್ಟಣ ಎಲ್ಲೋ? ಯಾರೋ ತಿಂದವ್ರೆ. ಅದಕ್ಕೇ ಮುನಿಸ್ಕೊಂಡಿದೆ."

"ತಿಂಡಿಗೂ ಬೆಳಕಿಗೂ ಏನಕ್ಕಾ ಸಂಬಂಧ?"

"ಮತ್ತೆ ನಿನ್ ಮುಖ ಯಾಕೆ ಕೆಂಪಾಯ್ತು?"

ಗಾಳಿಗೆ ಮಸೂರ ಅಲುಗುತ್ತಿದೆಯೇನೋ ಎಂದು ಒಬ್ಬ ಬಂದು ಏಸಿ ಆರಿಸಿದ. ಇನ್ನೊಬ್ಬ, "ತಿಂದೋನ್ಗೆ ಹೊಟ್ಟೆ ಕೆಡ್ಲಿ," ಎಂದು ಶಪಿಸಿ ಹೋದ. ಊಟದ ಹೊತ್ತಿನಲ್ಲಿ ಯೂ-ಡೆ ಅಂಗಡಿಗೆ ಓಡಿದ. ಎರಡು ಕಡೆ ಹಳದಿ ಪೊಟ್ಟಣ ಮಾತ್ರ ಇತ್ತು. ಹಳದಿ ಇಟ್ಟರೆ ಯಂತ್ರ ಮಲಗಿಯೇಬಿಡುತ್ತದಂತೆ. ನಂಬಿಕೆಯಿಲ್ಲದವನು ಅದಕ್ಕೂ ಹೆದರಿ ಮೂರನೇ ಅಂಗಡಿಗೆ ಹೋದ.

ಯಾರೂ ಇಲ್ಲದಾಗ ಹಸಿರು ಪೊಟ್ಟಣವಿಟ್ಟು ಕೈಮುಗಿದ. ಮತ್ತೆ ಹನ್ನೊಂದೇ. ಕೊನೆಗೆ ಭೂತಗನ್ನಡಿ ಹಿಡಿದ. ಮಸೂರದ ಮೇಲೆ, ಪತ್ರಕ್ಕೆ ಒತ್ತಿದ ಹಾಗೆ, ತಿಂಡಿಯ ಜಿಡ್ಡಿನಲ್ಲಿ ಅವನದೇ ಹೆಬ್ಬೆಟ್ಟು. 'ಮಸೂರವನ್ನು ಬರಿಗೈಯಲ್ಲಿ ಮುಟ್ಟಬೇಡಿ' ಎಂದು ಗೋಡೆಗೆ ಬರೆದು ಅಂಟಿಸಿದವನೂ ಅವನೇ. ನಾಚಿಕೆಯಿಂದ ಭೂಮಿ ಬಾಯಿಬಿಟ್ಟರೆ ಇಳಿದುಹೋಗಬೇಕೆನಿಸಿತು. ಸದ್ದಿಲ್ಲದೆ ಸ್ಪಿರಿಟ್ಟಿನಲ್ಲಿ ಒರೆಸಿದ. ಮೀಟರು ಎಂಬತ್ತಾರಕ್ಕೆ ಏರಿತು.

"ನೋಡ್ದ್ಯಾ, ಯಾರೋ ಪೊಟ್ಟಣ ತಂದಿಟ್ರು, ಸರಿಹೋಯ್ತು," ಎಂದಳು ಊಟದಿಂದ ಬಂದ ಮೇ-ಯಿಂಗ್. ಎಲ್ಲರೂ ಪೊಟ್ಟಣವನ್ನು ಸವರಿದರು. ಯೂ-ಡೆ ತಲೆ ತಗ್ಗಿಸಿ ನಿಂತ.

ಮೂರಕ್ಕೆ ಗಿರಾಕಿಗಳು ಮೀಟರು ನೋಡಿ ತಲೆದೂಗಿದರು. ಮೇಲಧಿಕಾರಿ ಪೆಂಗ್ ಮೇಡಂ ಪೊಟ್ಟಣದ ತಾರೀಖು ಓದಿ ಹಿಗ್ಗಿದರು.

"ನಾನಿಟ್ಟಿದ್ದ ಹಳೇದರ ತಾರೀಖು ಹೋದ ತಿಂಗಳೇ ಮುಗ್ದಿತ್ತು. ಯಾರೋ ಗಮನಿಸಿ ಬದಲಾಯಿಸಿದಾರೆ. ಯಾರಪ್ಪಾ ಅದು?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು.

"ಪಾಪ, ಸಂಕೋಚ. ಪರವಾಗಿಲ್ಲ, ಕ್ಯಾಮೆರಾ ಇದೆಯಲ್ಲ, ಬೆಳಿಗ್ಗೆಯಿಂದ ಹಾಕಿ. ನಮ್ಮೋರ ಶ್ರದ್ಧೆ ಗಿರಾಕಿಗಳೂ ನೋಡ್ಲಿ."

ಗೋಡೆಯ ದೊಡ್ಡ ಪರದೆಯ ಮೇಲೆ ಎಂಟು ಗಂಟೆ ಮೂಡಿತು. ಅದರಲ್ಲಿ ಯೂ-ಡೆ ಬಾಯ್ತುಂಬ ಅಗಿಯುತ್ತ, ಹೆಬ್ಬೆರಳು ನೆಕ್ಕಿ, ಮಸೂರಕ್ಕೆ ಕೈಹಾಕಿದ.